ಕೇಳಿ ಮಾಡುವ ವಿದ್ಯೆ

ಒಂದು ವಸ್ತುವನ್ನಾಗಲಿ ವ್ಯವಸ್ಥೆಯನ್ನಾಗಲಿ ರೂಪಿಸುವುದಕ್ಕೆ ಮುಂಚೆ, ಅದನ್ನು ಬಳಸತಕ್ಕವರ ಬಾಳನ್ನು ಹತ್ತಿರದಿಂದ ಕಂಡು, ಅವರ ಕಷ್ಟವನ್ನು ಅವರ ಬಾಯಿಂದಲೇ ಕೇಳಿ ತಿಳಿಯಬೇಕೆಂಬ ವಿಚಾರಕ್ಕೆ ಈಗ ಮಾನವಕೇಂದ್ರಿತ ವಿನ್ಯಾಸ ಚಿಂತನೆಯೆಂದು ಹೆಸರು. ಕೈಗಾರಿಕೆ ವ್ಯಾಪಾರಗಳಲ್ಲಿ ಬೆಳೆದ ಈ ಪದ್ಧತಿಯನ್ನು ಶಾಲೆಯ ಮಕ್ಕಳಿಗೂ ಅಭ್ಯಾಸಮಾಡಿಸಬೇಕೆಂಬ ಉತ್ಸಾಹ ನಮ್ಮಲ್ಲಿ ಈಚೆಗೆ ಬಲವಾಗಿದೆ. ಮೈಸೂರು ಸೀಮೆಯ ಒಂದು ಊರಿನಲ್ಲಿ, ನಿವೃತ್ತರಾದ ಒಬ್ಬ ಮುಖ್ಯೋಪಾಧ್ಯಾಯರಿಗೂ, ಒಂದು ಕಾಲಕ್ಕೆ ಅವರ ಶಿಷ್ಯೆಯಾಗಿದ್ದು ಈಗ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿರುವ ಅಧ್ಯಾಪಕಿಗೂ ಈ ವಿಷಯವಾಗಿ ನಡೆದ ಮಾತುಕತೆಯನ್ನು ಇಲ್ಲಿ ಬರೆದಿದ್ದೇನೆ. ಇಬ್ಬರ ಮಾತಿನಲ್ಲಿಯೂ ತಿರುಳಿತ್ತು. ಒಬ್ಬರ ತಿರುಳು ಮತ್ತೊಬ್ಬರದನ್ನು ನುಂಗಿಹಾಕಲಿಲ್ಲವಾದ ಕಾರಣದಿಂದಲೇ ಬರೆದಿಡಬೇಕೆನ್ನಿಸಿತು.

ಹಿರಿಯರು: ತರಬೇತಿಗೆ ಹೋಗಿ ಬಂದೆಯಂತೆ. ಏನು ಕಲಿಸಿದರು, ನನಗೂ ಸ್ವಲ್ಪ ಹೇಳಮ್ಮ.

ಅಧ್ಯಾಪಕಿ: ಹೇಳುತ್ತೇನೆ, ಮೇಷ್ಟ್ರೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿನ್ಯಾಸಶಾಲೆಯವರು ಬಳಕೆಗೆ ತಂದ ಐದು ಹೆಜ್ಜೆಗಳ ಕ್ರಮ ಅದು. ಮೊದಲು ಇನ್ನೊಬ್ಬರ ಸ್ಥಿತಿಯನ್ನು ಅವರ ಸ್ಥಾನದಲ್ಲಿ ನಿಂತು ಅರಿಯುವುದು. ಆಮೇಲೆ ಸಮಸ್ಯೆ ಇಂಥದೆಂದು ನಿರ್ಣಯಿಸುವುದು. ಪರಿಹಾರಗಳನ್ನು ಹಲವಾಗಿ ಊಹಿಸುವುದು. ಕೈಗೆ ಸಿಕ್ಕಿದ ಸಾಮಾನಿನಿಂದ ಒಂದು ಮಾದರಿಯನ್ನು ಮಾಡುವುದು. ಅದನ್ನು ಬಳಸುವವರಿಗೇ ಕೊಟ್ಟು ಪರೀಕ್ಷಿಸುವುದು. ನಮ್ಮ ದೇಶದಲ್ಲಿ ಇದನ್ನು ಮಕ್ಕಳ ಮಟ್ಟಕ್ಕೆ ತಂದವರಲ್ಲಿ ಅಹಮದಾಬಾದಿನ ಕಿರಣ್ ಬೀರ್ ಸೇಠಿಯವರು ಮುಖ್ಯರು. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಓದಿದ ಅವರು 2001ರಲ್ಲಿ ರಿವರ್‌ಸೈಡ್ ಎಂಬ ಶಾಲೆಯನ್ನು ತೆರೆದು, 2009ರಲ್ಲಿ ಡಿಸೈನ್ ಫಾರ್ ಚೇಂಜ್ ಎಂಬ ಕಾರ್ಯಕ್ರಮವನ್ನು ಆರಂಭಿಸಿದರು. ಐದು ಹೆಜ್ಜೆಗಳಿಗೆ ಬದಲಾಗಿ ಅಲ್ಲಿ ನಾಲ್ಕೇ ಮಾತು: ಅನುಭವಿಸು, ಕಲ್ಪಿಸು, ಮಾಡು, ಹಂಚಿಕೊ. ಈಗ ಅದು ಅನೇಕ ದೇಶಗಳಿಗೆ ಹಬ್ಬಿದೆ.

ಹಿರಿಯರು: ಕೇಳುವುದಕ್ಕೆ ಇಂಪಾಗಿದೆ. ಆದರೆ ಇಂಪಾದ ಮಾತುಗಳನ್ನು ನಾನು ಹಿಂದೆಯೂ ಕೇಳಿದ್ದೇನಮ್ಮ. ಮಾಡಿ ಕಲಿಯಬೇಕೆಂದು ಜಾನ್ ಡ್ಯೂಯಿ 1896ರಲ್ಲಿಯೇ ಷಿಕಾಗೋ ನಗರದಲ್ಲಿ ಪ್ರಯೋಗಶಾಲೆಯನ್ನು ತೆರೆದ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ನಯೀ ತಾಲೀಮಿನ ವಿಚಾರವನ್ನು ದೇಶದ ಮುಂದಿಟ್ಟರು. ಕೈಕಸುಬಿನ ಮೂಲಕವೇ ಗಣಿತ, ಭೂಗೋಳ, ಸಮಾಜ ಎಲ್ಲವೂ ಮಗುವಿಗೆ ಬರಬೇಕೆಂಬುದು ಅವರ ಆಶಯ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣಕ್ಕಾಗಿ ಎಷ್ಟೊಂದು ಶ್ರಮಪಟ್ಟರು! ನಾನು ಹುಡುಗನಾಗಿದ್ದಾಗ ಶಾಲೆಯಲ್ಲಿ ತಕಲಿ ತಿರುಗಿಸಿದ್ದೇನೆ. ಆ ನೂಲಿನಿಂದ ಲೆಕ್ಕಕ್ಕೆ, ಲೆಕ್ಕದಿಂದ ಹತ್ತಿಯ ಬೆಲೆಗೆ, ಬೆಲೆಯಿಂದ ರೈತನ ಮನೆಗೆ ಹೋಗುವ ದಾರಿಯೊಂದು ಇದೆಯೆಂದು ನಮಗೆ ಯಾರೂ ತೋರಿಸಲಿಲ್ಲ. ತಕಲಿಯ ಪೀರಿಯಡ್ ಮುಗಿಯಿತು, ಗಂಟೆ ಹೊಡೆಯಿತು, ಲೆಕ್ಕದ ಪೀರಿಯಡ್ ಬಂತು. ಮಹಾತ್ಮರ ವಿಚಾರವೇ ವೇಳಾಪಟ್ಟಿಯ ಒಂದು ಮನೆಯೊಳಗೆ ಸೇರಿ ಬಾಡಿಹೋದ ಮೇಲೆ, ಈ ಐದು ಹೆಜ್ಜೆಗಳು ಬಾಡದೆ ಉಳಿದಾವೆಂದು ನಾನು ಯಾವ ಧೈರ್ಯದಿಂದ ನಂಬಲಿ?

ಅಧ್ಯಾಪಕಿ: ಇದು ಹೊಸದೆಂದು ನಾನು ವಾದಿಸುವುದಿಲ್ಲ, ಮೇಷ್ಟ್ರೇ. ಆದರೆ ಕಸುಬಿನ ಶಿಕ್ಷಣ ಮಗುವಿಗೆ ಮಾಡುವುದನ್ನು ಹೇಳಿಕೊಟ್ಟರೆ, ಈ ಕ್ರಮ ‘ಯಾರಿಗಾಗಿ ಮಾಡುತ್ತೀಯೆ, ಅವರನ್ನು ಕೇಳಿದೆಯಾ’ ಎಂಬ ಪ್ರಶ್ನೆಯನ್ನು ಮೊದಲಿಗೆ ಇಡುತ್ತದೆ. ನಮ್ಮ ಶಾಲೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ಬಿಸಿಯೂಟವಾದ ಮೇಲೆ ಮಕ್ಕಳು ತಟ್ಟೆ ತೊಳೆಯುವ ನಲ್ಲಿಗಳ ಸಾಲು ತಮಗೆ ಗೊತ್ತು. ಅಲ್ಲಿ ನೀರು ವ್ಯರ್ಥವಾಗಿ ಹರಿಯುತ್ತಿತ್ತು. ಚಿಕ್ಕಮಕ್ಕಳು ನಲ್ಲಿ ನಿಲ್ಲಿಸದೆ ಓಡಿಹೋಗುತ್ತಾರೆಂದು ನಮಗೆಲ್ಲ ಅಸಮಾಧಾನ. ‘ನೀರನ್ನು ಮಿತವಾಗಿ ಬಳಸಿ’ ಎಂದು ಗೋಡೆಯ ಮೇಲೆ ಬರೆಸಿದ್ದೆವು. ಏಳನೆಯ ತರಗತಿಯ ಮಕ್ಕಳಿಗೆ ಈ ವಿಷಯವನ್ನು ಒಪ್ಪಿಸಿದಾಗ, ಅವರೂ ಮೊದಲು ಇನ್ನೊಂದು ದೊಡ್ಡ ಫಲಕವನ್ನೇ ಬರೆಯಹೊರಟರು. ‘ಬೇಡ, ವಾರವೆಲ್ಲ ಊಟದ ಹೊತ್ತಿನಲ್ಲಿ ಅಲ್ಲಿ ಸುಮ್ಮನೆ ಕೂತು ನೋಡಿ’ ಎಂದೆ.

ಹಿರಿಯರು: ಏನು ಕಂಡರು?

ಅಧ್ಯಾಪಕಿ: ಒಂದನೆಯ ತರಗತಿಯ ಮಗು ಸ್ಟೀಲಿನ ತಟ್ಟೆಯನ್ನು ಎರಡು ಕೈಯಲ್ಲಿಯೂ ಹಿಡಿದುಕೊಂಡಿರುತ್ತದೆ, ಒಂದು ಕೈ ಬಿಟ್ಟರೆ ತಟ್ಟೆ ಜಾರುತ್ತದೆ. ತೊಳೆದ ತಟ್ಟೆಯನ್ನು ಇಡಲು ಅಲ್ಲಿ ಜಾಗವಿಲ್ಲ. ನೆಲದ ಮೇಲಿಟ್ಟರೆ ಮತ್ತೆ ಕೆಸರು. ತಿರುಪಿನ ನಲ್ಲಿಯನ್ನು ನಿಲ್ಲಿಸಬೇಕಾದರೆ ಕೈ ಬೇಕು, ಆ ಕೈ ತಟ್ಟೆಯ ಮೇಲಿದೆ. ನಲ್ಲಿಯೋ ಆ ಮಗುವಿನ ಗಲ್ಲದ ಎತ್ತರದಲ್ಲಿದೆ. ನೀರು ಮೊಣಕೈಯವರೆಗೆ ಇಳಿದು ಅಂಗಿಯ ತೋಳು ನೆನೆಯುತ್ತದೆ, ಹಿಂದಿನಿಂದ ದೊಡ್ಡ ಹುಡುಗರು ತಳ್ಳುತ್ತಾರೆ. ನಮ್ಮ ಹುಡುಗಿಯೊಬ್ಬಳು ಬಂದು, ‘ಮಿಸ್, ಅವರು ನಲ್ಲಿ ನಿಲ್ಲಿಸಲ್ಲ ಅಂತ ಬೈತೀವಲ್ಲ, ನಿಲ್ಲಿಸೋಕೆ ಅವರಿಗೆ ಕೈಯೇ ಇಲ್ಲ’ ಎಂದಳು. ಆಮೇಲೆ ಮಕ್ಕಳು ಇಟ್ಟಿಗೆ ಜೋಡಿಸಿ, ಮೇಲೆ ಒಂದು ಕಲ್ಲುಚಪ್ಪಡಿಯನ್ನಿಟ್ಟು, ತಟ್ಟೆಯಿಡುವುದಕ್ಕೆ ಒಂದು ಕಟ್ಟೆಯನ್ನು ಮಾಡಿದರು. ಎತ್ತರ ಎಷ್ಟಿರಬೇಕೆಂಬುದನ್ನು ಆ ಚಿಕ್ಕಮಕ್ಕಳನ್ನೇ ನಿಲ್ಲಿಸಿ ಅಳೆದರು. ನೀತಿಪಾಠದಿಂದ ಆಗದೆ ಇದ್ದದ್ದು ಒಂದು ಚಪ್ಪಡಿಯಿಂದ ಬಹುಮಟ್ಟಿಗೆ ಆಯಿತು.

ಈ ಪ್ರಸಂಗವನ್ನು ಕೇಳಿ ಹಿರಿಯರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಮಕ್ಕಳ ತಪ್ಪೆಂದು ಹಿರಿಯರು ಎಣಿಸಿದ್ದು ಹಿರಿಯರು ಕಟ್ಟಿಸಿದ ನಲ್ಲಿಯ ದೋಷವಾಗಿತ್ತೆಂಬ ಅಂಶ ಅವರನ್ನು ತಾಗಿತೆಂದು ನನಗೆ ಕಂಡಿತು. ಅವರ ಮುಂದಿನ ಮಾತಿನಲ್ಲಿ ಸಂತೋಷವೂ ಇತ್ತು, ಶಂಕೆಯೂ ಇತ್ತು.

ಹಿರಿಯರು: ಬಹಳ ಒಳ್ಳೆಯ ಕೆಲಸ ಮಾಡಿಸಿದೆ. ಆದರೆ ಇದನ್ನು ಮಾಡಿಸಿದ್ದು ಐದು ಹೆಜ್ಜೆಗಳೋ, ವಾರವೆಲ್ಲ ಸುಮ್ಮನೆ ಕೂತು ನೋಡಿ ಎಂದ ನಿನ್ನ ವಿವೇಕವೋ? ಆ ವಿವೇಕವಿಲ್ಲದ ಅಧ್ಯಾಪಕನ ಕೈಗೆ ಈ ಕ್ರಮವನ್ನು ಕೊಟ್ಟರೆ, ನಾಲ್ವತ್ತು ನಿಮಿಷದ ಪೀರಿಯಡ್ಡಿನಲ್ಲಿ ಮೊದಲ ಹತ್ತು ನಿಮಿಷ ಸಹಾನುಭೂತಿ, ಮುಂದಿನ ಹತ್ತು ನಿಮಿಷ ಕಲ್ಪನೆ, ಉಳಿದದ್ದರಲ್ಲಿ ರಟ್ಟಿನ ಮಾದರಿ ಎಂದು ಹಂಚಿ, ವರದಿ ಬರೆದು, ಫೋಟೋ ತೆಗೆದು ಕಳುಹಿಸುತ್ತಾನೆ. ಇನ್ನೊಬ್ಬರ ನೋವನ್ನು ಅರಿಯುವುದು ಗಡಿಯಾರ ನೋಡಿಕೊಂಡು ಮಾಡುವ ಕ್ರಿಯೆಯಾದರೆ, ಮಗು ಕಲಿಯುವುದು ಅರಿವನ್ನಲ್ಲ, ಅರಿತಂತೆ ತೋರಿಸಿಕೊಳ್ಳುವ ಜಾಣತನವನ್ನು.

ಅಧ್ಯಾಪಕಿ: ವಿವೇಕವಿಲ್ಲದವರ ಕೈಯಲ್ಲಿ ವ್ಯಾಕರಣವೂ ಕೆಡುತ್ತದೆ, ವಿಜ್ಞಾನವೂ ಕೆಡುತ್ತದೆ, ಅದಕ್ಕಾಗಿ ಅವನ್ನು ಬಿಟ್ಟಿದ್ದೇವೆಯೆ? ವಿವೇಕ ಎಲ್ಲರಿಗೂ ಹುಟ್ಟಿನಿಂದ ಬರುವುದಿಲ್ಲವಾದ ಕಾರಣ, ಬಾರದವರಿಗೆ ಕ್ರಮವೊಂದು ಊರುಗೋಲಾಗುತ್ತದೆ. ನನಗೇ ಅದು ಊರುಗೋಲಾಯಿತು. ಪರಿಹಾರಕ್ಕೆ ಧಾವಿಸಬೇಡ, ಮೊದಲು ಹೋಗಿ ನೋಡು ಎಂದು ಆ ತರಬೇತಿ ನನ್ನನ್ನು ತಡೆದು ನಿಲ್ಲಿಸಿತು. ಹೀಗೆ ತಡೆದು ನಿಲ್ಲಿಸುವುದರಿಂದ ಎಷ್ಟು ದೊಡ್ಡ ಪ್ರಯೋಜನವಾಗುತ್ತದೆಂಬುದಕ್ಕೆ ಇನ್ನೊಂದು ದೃಷ್ಟಾಂತವಿದೆ. 2007ರಲ್ಲಿ ಸ್ಟ್ಯಾನ್‌ಫರ್ಡಿನ ಒಂದು ತರಗತಿಯ ವಿದ್ಯಾರ್ಥಿಗಳಿಗೆ, ದಿನ ತುಂಬದೆ ಹುಟ್ಟಿದ ಶಿಶುಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರನ್ನು ಅಗ್ಗವಾಗಿ ಮಾಡುವ ಕೆಲಸವನ್ನು ಒಪ್ಪಿಸಿದರು. ಅವರಲ್ಲೊಬ್ಬ ನೇಪಾಳಕ್ಕೆ ಹೋಗಿ ನೋಡಿದರೆ, ಪಟ್ಟಣದ ಆಸ್ಪತ್ರೆಯಲ್ಲಿ ದಾನವಾಗಿ ಬಂದ ಇನ್‌ಕ್ಯುಬೇಟರುಗಳು ಖಾಲಿಯಾಗಿ ನಿಂತಿದ್ದವು. ಸಾಯುತ್ತಿದ್ದ ಶಿಶುಗಳು ಹುಟ್ಟುತ್ತಿದ್ದದ್ದು ದೂರದ ಹಳ್ಳಿಗಳಲ್ಲಿ. ಯಂತ್ರದ ಬೆಲೆಯನ್ನು ಇಳಿಸಿದ್ದರೆ ಆ ಶಿಶುಗಳಿಗೆ ಏನೂ ಆಗುತ್ತಿರಲಿಲ್ಲ. ಪ್ರಶ್ನೆಯನ್ನೇ ಬದಲಾಯಿಸಿ, ವಿದ್ಯುತ್ತಿನ ನಿತ್ಯಸಂಪರ್ಕವಿಲ್ಲದೆ ಶಿಶುವನ್ನು ಬೆಚ್ಚಗಿಡುವ ಸಣ್ಣದೊಂದು ಚೀಲವನ್ನು ಅವರು ರೂಪಿಸಿದರು. ಎಂಬ್ರೇಸ್ ಎಂದು ಅದರ ಹೆಸರು. ಮುಂದೆ ಅವರು ನಮ್ಮ ಬೆಂಗಳೂರಿಗೇ ಬಂದು ನೆಲೆಸಿ ಅದನ್ನು ಬೆಳೆಸಿದರು.

ಹಿರಿಯರು: ಆ ಚೀಲದೊಳಗೆ ಕಾವು ನಿಲ್ಲುವುದು ಹೇಗೆ?

ಅಧ್ಯಾಪಕಿ: ಮೇಣದಂಥ ಒಂದು ಪದಾರ್ಥದ ಪೊಟ್ಟಣ ಅದರೊಳಗಿದೆ. ಅದನ್ನು ಮೊದಲು ಕಾಯಿಸಿ ಕರಗಿಸುತ್ತಾರೆ. ಮತ್ತೆ ಗಟ್ಟಿಯಾಗುತ್ತ ಬರುವಾಗ ಅದು ಶರೀರದ ಶಾಖಕ್ಕೆ ಸಮನಾದ 37 ಡಿಗ್ರಿಯ ಸುಮಾರಿನಲ್ಲಿ ಕೆಲವು ಗಂಟೆಗಳ ಕಾಲ ನಿಲ್ಲುತ್ತದೆ.

ಹಿರಿಯರು: ಅಂದರೆ ಗುಪ್ತೋಷ್ಣ! ದ್ರವವು ಘನವಾಗುವಾಗ ತನ್ನೊಳಗೆ ಅಡಗಿದ್ದ ಉಷ್ಣವನ್ನು ಬಿಡುತ್ತ, ಪೂರ್ತಿ ಗಟ್ಟಿಯಾಗುವವರೆಗೆ ಒಂದೇ ತಾಪದಲ್ಲಿರುತ್ತದೆ. ಇದನ್ನು ನಾನು ಕಪ್ಪುಹಲಗೆಯ ಮೇಲೆ ನಕ್ಷೆ ಬರೆದು ವರ್ಷವರ್ಷವೂ ಹೇಳಿದ್ದೇನೆ. ಈಗ ನನ್ನ ಮಾತನ್ನು ಕೇಳು. ಆ ವಿದ್ಯಾರ್ಥಿಗಳ ಹೃದಯದಲ್ಲಿ ಎಷ್ಟೇ ಮರುಕ ತುಂಬಿದ್ದರೂ, ಈ ಭೌತಶಾಸ್ತ್ರ ಅವರಿಗೆ ತಿಳಿಯದೆ ಇದ್ದಿದ್ದರೆ ಆ ಚೀಲ ಹುಟ್ಟುತ್ತಿತ್ತೆ? ಇಂಥ ವಿದ್ಯೆಗೆ ವರ್ಷಗಟ್ಟಲೆ ಕ್ರಮವಾದ ವ್ಯಾಸಂಗ ಬೇಕು, ಬೇಸರವಾದರೂ ಬಿಡದೆ ಕೂರಬೇಕು. ನಮ್ಮ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಐದನೆಯ ತರಗತಿಗೆ ಬಂದರೂ ಭಾಗಾಕಾರ ಬಾರದು. ಅವರಿಗೆ ದಿನದಲ್ಲಿ ಇರುವ ಹೊತ್ತೇ ಕಡಿಮೆ. ಆ ಹೊತ್ತನ್ನು ಲೋಕದ ಸಮಸ್ಯೆಗಳನ್ನು ಬಿಡಿಸುವುದಕ್ಕೆ ಕಳೆದರೆ, ಬಿಡಿಸುವುದಕ್ಕೆ ಬೇಕಾದ ವಿದ್ಯೆ ಎಲ್ಲಿಂದ ಬಂದೀತು?

ಅಧ್ಯಾಪಕಿ: ಆ ನಕ್ಷೆಯನ್ನು ನಾನೂ ತಮ್ಮ ಬಳಿಯೇ ಕಲಿತೆ, ಮೇಷ್ಟ್ರೇ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದೆ. ಆದರೆ ಆ ಸಮತಟ್ಟಾದ ಗೆರೆ ಒಂದು ಶಿಶುವನ್ನು ಬದುಕಿಸಬಲ್ಲುದೆಂದು ತಿಳಿದದ್ದು ಮೊನ್ನೆ. ಕಟ್ಟೆ ಕಟ್ಟಿದ ಮಕ್ಕಳಿಗೆ, ಹದಿನೆಂಟು ಮಕ್ಕಳ ಎತ್ತರವನ್ನು ಅಳೆದು ಸರಾಸರಿ ತೆಗೆದಾಗ, ಸರಾಸರಿಗೆ ಕಟ್ಟಿದರೆ ಎಲ್ಲರಿಗಿಂತ ಕುಳ್ಳಾದ ಮಗುವಿಗೆ ಎಟುಕುವುದಿಲ್ಲವೆಂಬುದು ತಾನಾಗಿಯೇ ಹೊಳೆಯಿತು. ಆ ದಿನದಿಂದ ಸರಾಸರಿಯ ಪಾಠದಲ್ಲಿ ಅವರು ಕೇಳುವ ಪ್ರಶ್ನೆಗಳೇ ಬೇರೆ. ವಿದ್ಯೆ ಮೊದಲು, ಉಪಯೋಗ ಆಮೇಲೆ ಎಂದು ಕಾದು ಕೂತವರಲ್ಲಿ ಬಹುಮಂದಿಗೆ ಆ ‘ಆಮೇಲೆ’ ಬರುವುದೇ ಇಲ್ಲ. ಎಸ್ಸೆಸ್ಸೆಲ್ಸಿಗೇ ಓದು ನಿಂತುಹೋಗುತ್ತದೆ.

ಹಿರಿಯರು: ಕುಳ್ಳಾದ ಮಗುವಿನ ಮಾತು ನಿಜ, ಅದನ್ನು ಒಪ್ಪಿದೆ. ಆದರೂ ಭಾಗಾಕಾರದ ನನ್ನ ಚಿಂತೆ ಅದರಿಂದ ಕರಗುವುದಿಲ್ಲ. ಕಟ್ಟೆಯಿಂದ ಸರಾಸರಿ ಬಂತು, ಸರಿ. ಬೀಜಗಣಿತ ಯಾವ ಕಟ್ಟೆಯಿಂದ ಬಂದೀತು?

ಅಧ್ಯಾಪಕಿ: ಎಲ್ಲವೂ ಇದರಿಂದಲೇ ಬರಬೇಕೆಂದು ನಾನು ಹೇಳಲಾರೆ. ಕೆಲವನ್ನು ತಮ್ಮ ಹಾಗೆ ಕಪ್ಪುಹಲಗೆಯ ಮುಂದೆ ನಿಂತೇ ಹೇಳಬೇಕು.

ಹಿರಿಯರು: ಇನ್ನೊಂದು ಸಂಗತಿ. ದಕ್ಷಿಣ ಆಫ್ರಿಕದಲ್ಲಿ, ಮಕ್ಕಳು ಕೂತು ಗಿರ್ರನೆ ತಿರುಗುವ ಆಟದ ಚಕ್ರಕ್ಕೆ ನೀರೆತ್ತುವ ಪಂಪನ್ನು ಜೋಡಿಸಿದರು. ಮಕ್ಕಳ ಆಟದಿಂದ ಊರಿಗೆ ನೀರು ಸಿಕ್ಕುತ್ತದೆಂದು ಜಗತ್ತೇ ಹೊಗಳಿತು. 2000ದಲ್ಲಿ ವಿಶ್ವಬ್ಯಾಂಕಿನ ಪುರಸ್ಕಾರ ಬಂತು. 2006ರಲ್ಲಿ ಅಮೆರಿಕದ ಸರ್ಕಾರವೂ ದಾನಸಂಸ್ಥೆಯೂ ಸೇರಿ 1 ಕೋಟಿ 64 ಲಕ್ಷ ಡಾಲರುಗಳ ನೆರವನ್ನು ಘೋಷಿಸಿದವು. ಆಮೇಲೆ ಏನಾಯಿತು? ಊರಿಗೆ ಬೇಕಾದಷ್ಟು ನೀರು ಬರಬೇಕಾದರೆ ಮಕ್ಕಳು ಹಗಲಿರುಳೂ ಆಡಿದರೂ ಸಾಲದು. ಮೊಜಾಂಬಿಕ್ ದೇಶದ ಹಳ್ಳಿಗಳಲ್ಲಿ ಹೆಂಗಸರು, ಮುದುಕಿಯರು ಆ ಚಕ್ರವನ್ನು ಕೈಯಿಂದ ನೂಕಿ ನೂಕಿ ನೀರೆತ್ತಬೇಕಾಯಿತು. ಮೊದಲಿದ್ದ ಕೈಪಂಪನ್ನು ಕಿತ್ತುಹಾಕಿ ಇದನ್ನು ನೆಟ್ಟ ಕಡೆಯಲ್ಲಿ, ಇದು ಕೆಟ್ಟುನಿಂತಾಗ ಅದೂ ಇಲ್ಲ, ಇದೂ ಇಲ್ಲ. ಕಲ್ಪನೆ ಎಷ್ಟು ಸೊಗಸಾಗಿತ್ತೋ ಅಷ್ಟೇ ಅಪಾಯಕರವಾಯಿತು. ನಿನ್ನ ಮಕ್ಕಳಿಗೆ ಕಲ್ಪಿಸುವ ಸಂತೋಷವನ್ನು ಕೊಡುವಾಗ ಈ ಭಯವನ್ನೂ ಕೊಡುತ್ತೀಯಾ?

ಅಧ್ಯಾಪಕಿ: ಆ ಹೆಂಗಸರನ್ನು ಮೊದಲು ಕೇಳಿದ್ದರೆ ಹಾಗೆ ಆಗುತ್ತಿರಲಿಲ್ಲವಲ್ಲ! ಇದು ನನ್ನ ಪಕ್ಷಕ್ಕೇ ಸಾಕ್ಷಿ.

ಹಿರಿಯರು: ಅರ್ಧ ಸಾಕ್ಷಿ. ಮೊದಲು ಕೇಳುವುದು ಒಂದಾದರೆ, ಕೊಟ್ಟಮೇಲೆ ಮತ್ತೆ ಹೋಗಿ ಕೇಳುವುದು ಇನ್ನೊಂದು. ಮೊದಲ ಭೇಟಿಯಲ್ಲಿ ಯಾರೂ ಅತಿಥಿಗೆ ಮನಸ್ಸಿನದನ್ನೆಲ್ಲ ಹೇಳುವುದಿಲ್ಲ.

ಅಧ್ಯಾಪಕಿ: ಅದು ಸತ್ಯ. ಆ ಶಿಶುಗಳ ಚೀಲದ ವಿಷಯದಲ್ಲಿಯೂ ಹಾಗೆಯೇ ಆಯಿತು. ಶಾಖವನ್ನು ಅಂಕೆಯಲ್ಲಿ ತೋರಿಸುವ ಪಟ್ಟಿಯೊಂದು ಅದರಲ್ಲಿತ್ತು. ಹಳ್ಳಿಯ ತಾಯಿಯೊಬ್ಬಳು, ಪೇಟೆಯ ಔಷಧ ಬಹಳ ತೀಕ್ಷ್ಣವೆಂದೂ, ವೈದ್ಯರು ಹೇಳಿದ್ದಕ್ಕಿಂತ ತಾವು ಕಡಿಮೆಯೇ ಕೊಡುವುದೆಂದೂ ಹೇಳಿದಳಂತೆ. 37 ಎಂದರೆ ಆಕೆ ಕಡಿಮೆ ಶಾಖವೇ ಸಾಕೆನ್ನುವಳು. ಆಗ ಅಂಕೆಯನ್ನು ತೆಗೆದು, ಸರಿಯಾಗಿದೆ, ಸರಿಯಾಗಿಲ್ಲ ಎಂಬ ಎರಡೇ ಗುರುತುಗಳನ್ನು ಇಟ್ಟರು. ಎಷ್ಟೋ ದಿನ ಜೊತೆಯಲ್ಲಿದ್ದು ಮಾತನಾಡಿದ ಮೇಲೆ ಹೊರಬಿದ್ದ ಮಾತು ಅದು.

ಹಿರಿಯರು: ಹಾಗಾದರೆ ನಮ್ಮವರದೇ ಒಂದು ಕೆಲಸವನ್ನು ನೆನೆಯೋಣ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲೆಗಳ ಅಧ್ಯಾಪಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿಯ ಗ್ರಾಮಶಾಲೆಗಳನ್ನು ಕಂಡು ಬಂದು, ಯುನಿಸೆಫ್ ನೆರವಿನಿಂದ ನಲಿಕಲಿಯೆಂಬ ಪದ್ಧತಿಯನ್ನು ಹುಟ್ಟಿಸಿದರು. ಅವರ ಮುಂದಿದ್ದ ಸಮಸ್ಯೆ ಯಾವ ಪುಸ್ತಕದಲ್ಲಿಯೂ ಇರಲಿಲ್ಲ: ಒಂದೇ ಕೊಠಡಿ, ಒಬ್ಬರೇ ಅಧ್ಯಾಪಕರು, ಹಲವು ತರಗತಿ, ಕೂಲಿಯ ಸುಗ್ಗಿಯಲ್ಲಿ ತಿಂಗಳುಗಟ್ಟಲೆ ಬಾರದೆ ಇದ್ದು ಮರಳಿ ಬರುವ ಮಗು. ಎಲ್ಲರಿಗೂ ಒಂದೇ ಪುಟವನ್ನು ಹೇಳಿದರೆ ಆ ಮಗು ಕೈಬಿಟ್ಟುಹೋಗುತ್ತದೆ. ಆದುದರಿಂದ ಪಾಠವನ್ನು ಚಿಕ್ಕ ಚಿಕ್ಕ ಕಾರ್ಡುಗಳಾಗಿ ಬಿಡಿಸಿ, ಅವನ್ನು ಮೈಲಿಗಲ್ಲುಗಳಾಗಿ ಜೋಡಿಸಿ, ಕಲಿಕೆಯ ಏಣಿಯನ್ನು ಮಾಡಿದರು. ಬಿಟ್ಟ ಮಗು ಎಲ್ಲಿ ಬಿಟ್ಟಿತ್ತೋ ಆ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕೂತರು. ಅಧ್ಯಾಪಕರೂ ಕುರ್ಚಿ ಬಿಟ್ಟು ಅವರ ನಡುವೆ ಕೂತರು. ಮಗುವಿನ ಕೈಗೆಟುಕುವ ಎತ್ತರದಲ್ಲಿ ಗೋಡೆಗೆ ಕಪ್ಪು ಬಳಿದು ಬರೆಯುವ ಜಾಗ ಮಾಡಿದರು. ಮಕ್ಕಳು ಬಿಡಿಸಿದ ಚಿತ್ರಗಳನ್ನು ನೇತುಹಾಕಲು ಮೇಲೆ ಚಪ್ಪರ ಕಟ್ಟಿದರು. ಯಾವ ಹೆಜ್ಜೆಯ ಹೆಸರೂ ಇಲ್ಲದೆ ನಡೆದ ಮಾನವಕೇಂದ್ರಿತ ವಿನ್ಯಾಸ ಇದಲ್ಲವೆ?

ಅಧ್ಯಾಪಕಿ: ಹೌದು! ಇದಕ್ಕಿಂತ ಉತ್ತಮವಾದ ಉದಾಹರಣೆಯನ್ನು ನಾನು ಎಲ್ಲಿಂದ ತರಲಿ? ಸಾಮಾನ್ಯ ಅಧ್ಯಾಪಕರು ಇದನ್ನು ಮಾಡಬಲ್ಲರೆಂಬುದಕ್ಕೆ ಇದೇ ಪ್ರಮಾಣ.

ಹಿರಿಯರು: ಕಥೆ ಅಲ್ಲಿಗೆ ನಿಲ್ಲಲಿಲ್ಲ. 2009-10ರಿಂದ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿತು. ಅಚ್ಚಾದ ಕಾರ್ಡುಗಳು ಕಟ್ಟುಕಟ್ಟಾಗಿ ಬಂದವು. ತಾನೇ ಕತ್ತರಿಸಿ, ತಾನೇ ಬರೆದು, ಮಗುವಿಗೆ ಅರ್ಥವಾಗದಿದ್ದಾಗ ಅಳಿಸಿ ಮತ್ತೆ ಬರೆದವನ ಕೈಯಲ್ಲಿದ್ದ ಕಾರ್ಡೇ ಬೇರೆ. ಮೇಲಿಂದ ಬಂದದ್ದನ್ನು ಎಣಿಸಿ ಸಹಿ ಹಾಕಿ ತೆಗೆದುಕೊಂಡವನ ಕೈಯ ಕಾರ್ಡೇ ಬೇರೆ. ವಸ್ತು ಒಂದೇ, ಅದನ್ನು ಹುಟ್ಟಿಸಿದ ಕೇಳ್ಮೆ ಅಂಚೆಯಲ್ಲಿ ಬರುವುದಿಲ್ಲ. ಮಕ್ಕಳ ಪ್ರಗತಿನೋಟದ ಪಟ್ಟಿಯನ್ನು ತುಂಬುವುದೇ ಕೆಲಸವಾಗಿ ಬಳಲಿದವರನ್ನು ನಾನು ಕಂಡಿದ್ದೇನೆ. ಈಗ ವಿನ್ಯಾಸ ಚಿಂತನೆಗೂ ಸುತ್ತೋಲೆ ಬರುತ್ತದೆ, ನಮೂನೆ ಬರುತ್ತದೆ. 2016ರಿಂದ ಕೇಂದ್ರ ಸರ್ಕಾರದವರು ಅಟಲ್ ಟಿಂಕರಿಂಗ್ ಲ್ಯಾಬುಗಳೆಂಬ ಪ್ರಯೋಗಶಾಲೆಗಳಿಗೆ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿಗಳವರೆಗೆ ಕೊಟ್ಟಿದ್ದಾರೆ. ಅದರಿಂದ ಉಪಕಾರ ಪಡೆದ ಮಕ್ಕಳು ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಯಂತ್ರ ಕೆಟ್ಟೀತೆಂಬ ಅಂಜಿಕೆಯಿಂದ ಬೀಗ ಹಾಕಿಟ್ಟ ಕೊಠಡಿಯನ್ನೂ ನೋಡಿದ್ದೇನೆ.

ಅಧ್ಯಾಪಕಿ: ವಿಸ್ತರಿಸಿದರೆ ಸೊರಗುತ್ತದೆಂದು ವಿಸ್ತರಿಸದೆ ಇದ್ದರೆ, ಒಂದು ತಾಲ್ಲೂಕಿನ ಮಕ್ಕಳಿಗೆ ದೊರೆತದ್ದು ಉಳಿದ ತಾಲ್ಲೂಕುಗಳ ಮಕ್ಕಳಿಗೆ ದೊರೆಯಬೇಡವೆ? ನಾನು ಪಾಠ ಹೇಳುವ ಒಂದನೆಯ ತರಗತಿಗೆ ಅಚ್ಚಾದ ಕಾರ್ಡುಗಳೇ ಬಂದಿವೆ. ಅವು ನನ್ನವಲ್ಲ, ಆದರೆ ಅವು ಇಲ್ಲದಿದ್ದರೆ, ತಾಯಿತಂದೆಯ ಜೊತೆ ಕೂಲಿಗೆ ಹೋಗಿ ಮರಳಿದ ಮಗುವನ್ನು ಎಲ್ಲಿಂದ ಆರಂಭಿಸಲೆಂದು ನನಗೆ ತಿಳಿಯುತ್ತಿರಲಿಲ್ಲ. ಸೊರಗಿದ ನಲಿಕಲಿಯೂ ಬಾಯಿಪಾಠಕ್ಕಿಂತ ಮೇಲೆಂಬುದು ನನ್ನ ಅನುಭವ.

ಹಿರಿಯರು ಇದಕ್ಕೆ ಉತ್ತರ ಕೊಡಲಿಲ್ಲ. ನನಗೂ ಇದಕ್ಕೆ ಉತ್ತರ ತಿಳಿಯದು. ಕೆಲವರ ಕೈಯಲ್ಲಿ ಪೂರ್ಣವಾಗಿರುವುದು ಎಲ್ಲರ ಕೈಗೂ ಅಪೂರ್ಣವಾಗಿಯಾದರೂ ಹೋಗಬೇಕೆ, ಹೋಗಬಾರದೆ ಎಂಬುದು ಸಾರ್ವಜನಿಕ ಶಿಕ್ಷಣದ ಬಹು ಕಠಿಣವಾದ ಪ್ರಶ್ನೆ.

ಹಿರಿಯರು: ಕೊನೆಯದಾಗಿ ನನ್ನ ಮನಸ್ಸಿನಲ್ಲಿ ಬಹಳ ಕಾಲದಿಂದ ಕೊರೆಯುತ್ತಿರುವ ಸಂದೇಹವನ್ನು ಹೇಳುತ್ತೇನೆ. ಆ ನಲ್ಲಿಯನ್ನು ಗಲ್ಲದ ಎತ್ತರಕ್ಕೆ ಇಟ್ಟವರು ಯಾರು? ಅದಕ್ಕೆ ಅಂದಾಜು ಬರೆದವರಿದ್ದಾರೆ, ಗುತ್ತಿಗೆ ಹಿಡಿದವರಿದ್ದಾರೆ, ಬಿಲ್ಲು ಪಾಸು ಮಾಡಿದವರಿದ್ದಾರೆ. ಅವರು ಮಾಡಬೇಕಾದುದನ್ನು ಹನ್ನೆರಡು ವರ್ಷದ ಮಕ್ಕಳು ಇಟ್ಟಿಗೆ ಹೊತ್ತು ಮಾಡಿದರು. ನಾವು ಚಪ್ಪಾಳೆ ತಟ್ಟಿದೆವು. ಅನುಕೂಲವಂತರ ಶಾಲೆಯಲ್ಲಿ ನಲ್ಲಿ ಸರಿಯಾಗಿಯೇ ಇರುತ್ತದೆ. ಅಲ್ಲಿಯ ಮಕ್ಕಳು ವಿನ್ಯಾಸವನ್ನು ಹವ್ಯಾಸವಾಗಿ ಕಲಿಯುತ್ತಾರೆ. ಬಡವರ ಮಕ್ಕಳು ಮಾತ್ರ ತಮ್ಮ ಹಕ್ಕಿನದನ್ನು ತಾವೇ ಕಟ್ಟಿಕೊಂಡು, ಅದನ್ನು ಶಿಕ್ಷಣವೆಂದು ತಿಳಿಯಬೇಕೆ? ನೀರಿಲ್ಲದ ಶೌಚಾಲಯ, ಸೋರುವ ಮಾಡು, ಬಾರದ ಅಧ್ಯಾಪಕ, ಇವು ರಟ್ಟಿನ ಮಾದರಿಯಿಂದ ತೀರುವ ಕಷ್ಟಗಳಲ್ಲ.

ಅಧ್ಯಾಪಕಿ: ಈ ಮಾತು ನನ್ನನ್ನೂ ಕಾಡಿದೆ. ಆದುದರಿಂದಲೇ ಮಕ್ಕಳು ಕಟ್ಟೆ ಕಟ್ಟಿ ಸುಮ್ಮನಾಗಲಿಲ್ಲ; ತಾವು ಅಳೆದ ಎತ್ತರಗಳ ಪಟ್ಟಿಯನ್ನು ಮಕ್ಕಳ ಗ್ರಾಮಸಭೆಯಲ್ಲಿ ಪಂಚಾಯಿತಿಯವರ ಮುಂದೆ ಓದಿದರು. ಹೊಸ ನಲ್ಲಿಗಳನ್ನು ಹಾಕುವಾಗ ಈ ಎತ್ತರಕ್ಕೆ ಹಾಕಬೇಕೆಂದೂ, ತಿರುಪಿನದರ ಬದಲು ಮೊಣಕೈಯಿಂದ ಒತ್ತಿ ನಿಲ್ಲಿಸುವಂಥದು ಬೇಕೆಂದೂ ಕೇಳಿದರು. ‘ನೀರು ಕೊಡಿ’ ಎಂಬ ಬೇಡಿಕೆಗೆ ‘ನೋಡೋಣ’ ಎಂದು ಹೇಳಿ ಕಳುಹಿಸುವುದು ಸುಲಭ. ಹದಿನೆಂಟು ಮಕ್ಕಳ ಅಳತೆಯನ್ನು ಹಿಡಿದು ನಿಂತವರಿಗೆ ಹಾಗೆ ಹೇಳುವುದು ಕಷ್ಟ. ಕಂಡು ಕೇಳಿ ಅಳೆದವನ ಬೇಡಿಕೆಗೆ ಬಲ ಬರುತ್ತದೆ, ಮೇಷ್ಟ್ರೇ.

ಹಿರಿಯರು: ನಲ್ಲಿ ಹಾಕಿದರಾ?

ಅಧ್ಯಾಪಕಿ: ಇನ್ನೂ ಇಲ್ಲ.

ಹಿರಿಯರು: ಹಾಗಾದರೆ ನಿನ್ನ ಮಕ್ಕಳಿಗೆ ಎರಡನೆಯ ಪಾಠ ಈಗ ಆರಂಭವಾಗಬೇಕು. ಪಂಚಾಯಿತಿಗೆ ಮತ್ತೆ ಹೋಗಲಿ, ಅರ್ಜಿಯ ನಂಬರನ್ನು ಕೇಳಲಿ. ಅದನ್ನೂ ನಿನ್ನ ಹೆಜ್ಜೆಗಳಲ್ಲಿ ಒಂದಾಗಿ ಸೇರಿಸುವೆಯಾದರೆ ನನ್ನ ವಿರೋಧ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಇನ್ನೂ ಒಂದು ಮಾತು. ಇದಕ್ಕೆ ಅಂಕ ಕೊಡಬೇಡ.

ಅಧ್ಯಾಪಕಿ: ಅಲ್ಲಿ ಮಾತ್ರ ನಾನು ಒಪ್ಪಲಾರೆ. ಅಂಕವಿಲ್ಲದ್ದನ್ನು ತಾಯಿತಂದೆಯರೂ ಇಲಾಖೆಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪರೀಕ್ಷೆ ಹತ್ತಿರ ಬಂದೊಡನೆ ಮೊದಲು ಕೈಬಿಡುವುದು ಅದನ್ನೇ.

ಹಿರಿಯರು: ಅಂಕ ಬಂದರೆ ಮಗು ಚಿಕ್ಕವರ ಮುಖವನ್ನು ನೋಡುವುದನ್ನು ಬಿಟ್ಟು ನಿನ್ನ ಮುಖವನ್ನು ನೋಡುತ್ತದೆ.

ಈ ಒಂದು ವಿಷಯದಲ್ಲಿ ಇಬ್ಬರಿಗೂ ಒಮ್ಮತ ಬರಲಿಲ್ಲ. ಎಷ್ಟು ಹೊತ್ತು ಮಾತನಾಡಿದರೂ ಅವರವರ ಅಭಿಪ್ರಾಯ ಅವರವರಲ್ಲಿಯೇ ಉಳಿಯಿತು. ಆದರೆ ವಾರಕ್ಕೆ ನಾಲ್ವತ್ತು ನಿಮಿಷದ ಒಂದು ಪೀರಿಯಡ್ಡಿನಲ್ಲಿ ಇದು ಆಗತಕ್ಕ ಕೆಲಸವಲ್ಲವೆಂಬುದರಲ್ಲಿ ಇಬ್ಬರೂ ಒಂದಾಗಿದ್ದರು. ಆದುದರಿಂದ ಶಾಲೆಗಳ ಮುಖ್ಯೋಪಾಧ್ಯಾಯರಲ್ಲಿಯೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರಲ್ಲಿಯೂ ನನ್ನ ಬಿನ್ನಹ ಇಷ್ಟು: ಇಂಥ ಕೆಲಸಕ್ಕೆ ಮುಂದೆಬರುವ ಅಧ್ಯಾಪಕರಿಗೆ ಯಂತ್ರಗಳನ್ನೂ ಸಾಮಗ್ರಿಗಳನ್ನೂ ಕೊಳ್ಳುವುದಕ್ಕೆ ಮೊದಲು, ವಾರದಲ್ಲಿ ಒಟ್ಟಿಗೆ ಎರಡು ಪೀರಿಯಡ್ಡುಗಳನ್ನು ಬಿಡಿಸಿಕೊಡಿ; ಮಕ್ಕಳು ಏನನ್ನು ಮಾಡಿ ಯಾರಿಗೆ ಕೊಟ್ಟರೋ ಅವರ ಬಳಿಗೆ ತಿಂಗಳಾದ ಮೇಲೆ ಮತ್ತೊಮ್ಮೆ ಹೋಗಿ ಕೇಳಿ ಬರುವುದಕ್ಕೆ ಇನ್ನೊಂದು ದಿನವನ್ನು ಶಾಲೆಯ ವಾರ್ಷಿಕ ಯೋಜನೆಯಲ್ಲಿಯೇ ಬರೆದಿಡಿ.